ಬಾಯಿ ಕಟ್ಟಬೇಕೋ, ಊಟ ಕೊಡಬೇಕೋ? ಪ್ಯಾಂಕ್ರಿಯಾಟೈಟಿಸ್ ರೋಗಿಯ ಆಹಾರದ ಗೊಂದಲ

ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ, ಆಗಿ ಆಸ್ಪತ್ರೆ ಸೇರಿದವರ ಮನೆಯವರಿಗೆ ಮೊದಲು ತಲೆಕೆಡಿಸುವುದು ಊಟದ ವಿಷಯ. ಒಂದು ಆಸ್ಪತ್ರೆಯಲ್ಲಿ ಕೇಸ್‌ಶೀಟಿನ ಮೇಲೆ ‘ಎನ್‌ಬಿಎಂ’ (ನಿಲ್ ಬೈ ಮೌತ್, ಬಾಯಿಂದ ಏನೂ ಬೇಡ) ಅಂತ ಬರೆದು ತೊಟ್ಟು ನೀರನ್ನೂ ಬಾಯಿಗೆ ಬಿಡುವುದಿಲ್ಲ. ಇನ್ನೊಂದರಲ್ಲಿ ಮರುದಿನವೇ ಡಾಕ್ಟರು ಬಂದು ‘ಹಸಿವಾಗ್ತಿದ್ರೆ ಇಡ್ಲಿ ತಿನ್ನಿ’ ಅನ್ನುತ್ತಾರೆ. ಮತ್ತೊಂದರಲ್ಲಿ ಮೂಗಿನಿಂದ ಟ್ಯೂಬ್ ಇಳಿಸುತ್ತಾರೆ. ಕಾಯಿಲೆ ಒಂದೇ. ಯಾರ ಮಾತು ನಂಬಬೇಕು?

ಈ ಕಾಯಿಲೆಯ ಹೆಸರು ಇತ್ತೀಚೆಗೆ ಸುದ್ದಿಯಲ್ಲೂ ಜಾಸ್ತಿ ಕೇಳಿಬರುತ್ತಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದವು. ಎರಡೂ ತೂಕ ಇಳಿಸುವ ಚುಚ್ಚುಮದ್ದು. ಅದೇ ಜೂನ್‌ನಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಎಂಎಚ್‌ಆರ್‌ಎ, ಈ ಬಗೆಯ ಔಷಧ ತೆಗೆದುಕೊಂಡು ಪ್ಯಾಂಕ್ರಿಯಾಟೈಟಿಸ್‌ನಿಂದ ಆಸ್ಪತ್ರೆ ಸೇರಿದವರ ವಂಶವಾಹಿಗಳಲ್ಲಿ ಏನಾದರೂ ವಿಶೇಷ ಇದೆಯೇ ಎಂದು ಹುಡುಕುವ ಅಧ್ಯಯನ ಶುರುಮಾಡಿತು. ಅದಕ್ಕೂ ಮುಂಚೆ, 2024ರಲ್ಲಿ, ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ ತನ್ನ ಮಾರ್ಗಸೂಚಿಯನ್ನು ಹೊಸದಾಗಿ ಬರೆದಿತ್ತು. ಸೌಮ್ಯ ಪ್ಯಾಂಕ್ರಿಯಾಟೈಟಿಸ್ ಇದ್ದವರಿಗೆ 24ರಿಂದ 48 ಗಂಟೆಯೊಳಗೆ ಬಾಯಿಂದಲೇ ಆಹಾರ ಕೊಡಿ, ಮೊದಲು ನೀರು, ಆಮೇಲೆ ಗಂಜಿ, ಆಮೇಲೆ ಅನ್ನ ಎಂಬ ಮೆಟ್ಟಿಲು ಬೇಡ, ಕೊಬ್ಬು ಕಡಿಮೆ ಇರುವ ಗಟ್ಟಿ ಊಟವೇ ಆಗಬಹುದು ಎಂಬುದು ಅದರ ಸಲಹೆ.

ಹಾಗಂತ ಎನ್‌ಬಿಎಂ ಬರೆದ ಡಾಕ್ಟರು ಏನೂ ತಿಳಿಯದವರಲ್ಲ. ಅವರು ಕಲಿತ ಕಾಲದಲ್ಲಿ ಪಾಠವೇ ಅದಾಗಿತ್ತು. ಆ ಪಾಠ ಏಕೆ ಬದಲಾಯಿತು ಅನ್ನುವುದು ಗೊತ್ತಾದರೆ ಗೊಂದಲ ಮುಕ್ಕಾಲು ಕರಗುತ್ತದೆ.

ಗ್ರಂಥಿಯೊಳಗೆ ನಡೆಯುವುದೇನು

ಹೊಟ್ಟೆಯ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡು ಅಡ್ಡಲಾಗಿ ಮಲಗಿರುವುದು ಮೇದೋಜೀರಕ ಗ್ರಂಥಿ. ಇದಕ್ಕೆ ಎರಡು ಕೆಲಸ. ಇನ್ಸುಲಿನ್ ಮಾಡಿ ರಕ್ತಕ್ಕೆ ಬಿಡುವುದು ಒಂದು. ಆಹಾರ ಕರಗಿಸುವ ರಸ ಮಾಡಿ ಸಣ್ಣ ಕರುಳಿಗೆ ಸುರಿಸುವುದು ಇನ್ನೊಂದು. ಪ್ರೋಟೀನ್ ಒಡೆಯುವ ಟ್ರಿಪ್ಸಿನ್, ಕೊಬ್ಬು ಒಡೆಯುವ ಲೈಪೇಸ್, ಪಿಷ್ಟ ಒಡೆಯುವ ಅಮೈಲೇಸ್ ಈ ರಸದಲ್ಲಿರುತ್ತವೆ. ಟ್ರಿಪ್ಸಿನ್ ಗ್ರಂಥಿಯಲ್ಲಿರುವಾಗ ನಿದ್ದೆಯಲ್ಲಿರುತ್ತದೆ. ಕರುಳು ಮುಟ್ಟಿದ ಮೇಲೆ ಎಚ್ಚರಗೊಳ್ಳುತ್ತದೆ. ಪ್ಯಾಂಕ್ರಿಯಾಟೈಟಿಸ್ ಅಂದರೆ ಅದು ಗ್ರಂಥಿಯೊಳಗೇ ಎಚ್ಚರಗೊಂಡಿರುವುದು, ಪೆಟ್ಟಿಗೆಯೊಳಗೇ ಬೆಂಕಿಕಡ್ಡಿ ಹೊತ್ತಿಕೊಂಡ ಹಾಗೆ. ಗ್ರಂಥಿ ತನ್ನನ್ನೇ ಅರಗಿಸಿಕೊಳ್ಳಲು ಶುರುಮಾಡುತ್ತದೆ.

ಚುಚ್ಚುಮದ್ದಿನ ಸುದ್ದಿ ಏನೇ ಇರಲಿ, ದೊಡ್ಡ ಕಾರಣಗಳು ಇಂದಿಗೂ ಎರಡೇ: ಪಿತ್ತಕೋಶದಿಂದ ಜಾರಿ ನಾಳಕ್ಕೆ ಅಡ್ಡ ಕೂತ ಕಲ್ಲು, ಮತ್ತು ಕುಡಿತ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 1000 ಎಂಜಿ/ಡಿಎಲ್ ದಾಟಿದಾಗಲೂ ಬರಬಹುದು. ಮೇಲುಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹೊಡೆಯುವ ನೋವು, ಲೈಪೇಸ್ ಅಥವಾ ಅಮೈಲೇಸ್ ಮಾಮೂಲಿನ ಮೂರು ಪಟ್ಟಿಗಿಂತ ಜಾಸ್ತಿ, ಸ್ಕ್ಯಾನಿನಲ್ಲಿ ಕಾಣುವ ಬಾವು. ಈ ಮೂರರಲ್ಲಿ ಎರಡು ಇದ್ದರೆ ಕಾಯಿಲೆ ಖಚಿತ.

ಇದರಲ್ಲಿ ಸುಮಾರು ಶೇ 80ರಷ್ಟು ಸೌಮ್ಯ. ನೋವಿಗೆ ಔಷಧ, ಡ್ರಿಪ್ ಕೊಟ್ಟರೆ ವಾರದೊಳಗೆ ಮನೆಗೆ. ಉಳಿದವರಲ್ಲಿ ಕೆಲವರಿಗೆ ಗ್ರಂಥಿಯ ಭಾಗವೇ ಕೊಳೆಯುತ್ತದೆ, ಉಸಿರಾಟ, ಕಿಡ್ನಿ ಕೈಕೊಡುತ್ತವೆ. ಅಂಗವೈಫಲ್ಯ 48 ಗಂಟೆ ದಾಟಿಯೂ ಉಳಿದರೆ ಅದನ್ನು ತೀವ್ರ ಪ್ಯಾಂಕ್ರಿಯಾಟೈಟಿಸ್ ಅನ್ನುತ್ತಾರೆ. ಟ್ಯೂಬಿನ ಪ್ರಶ್ನೆ ಬಹುಪಾಲು ಇವರದ್ದು. ಸೌಮ್ಯದ ಸಲಹೆಯನ್ನು ತೀವ್ರಕ್ಕೆ, ತೀವ್ರದ ಹೆದರಿಕೆಯನ್ನು ಸೌಮ್ಯಕ್ಕೆ ಅಂಟಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುವುದು.

ಉಪವಾಸದ ಚಿಕಿತ್ಸೆ ಎಲ್ಲಿಂದ ಬಂತು

ಹಳೆಯ ತರ್ಕ ಕೇಳಲು ಚೆನ್ನಾಗಿಯೇ ಇದೆ. ಊಟ ಕರುಳು ಮುಟ್ಟಿದರೆ ಹಾರ್ಮೋನು ಬಿಡುಗಡೆಯಾಗಿ ಗ್ರಂಥಿಗೆ ‘ರಸ ಸುರಿಸು’ ಎಂಬ ಸಂದೇಶ ಹೋಗುತ್ತದೆ. ಗ್ರಂಥಿ ಉರಿಯುತ್ತಿರುವಾಗ ಮತ್ತೆ ರಸ ಬೇಕೇ? ಆದ್ದರಿಂದ ಊಟ ನಿಲ್ಲಿಸಿ, ಗ್ರಂಥಿಗೆ ವಿಶ್ರಾಂತಿ ಕೊಡಿ.

ಇಲ್ಲಿ ಮೂಗಿನ ಟ್ಯೂಬಿನ ಚರಿತ್ರೆಯೇ ಒಂದು ತಮಾಷೆ. ನಮ್ಮ ಆಸ್ಪತ್ರೆಗಳಲ್ಲಿ ‘ರೈಲ್ಸ್ ಟ್ಯೂಬ್’ ಎಂದು ಕರೆಯುವ ನಳಿಕೆಗೆ ಆ ಹೆಸರು ಬಂದದ್ದು ಲಂಡನ್ನಿನ ವೈದ್ಯ ಜಾನ್ ರೈಲ್ ಅವರಿಂದ. 1921ರಲ್ಲಿ ಅವರು ಅದನ್ನು ಪರಿಚಯಿಸಿದ್ದು ಊಟ ಹಾಕುವುದಕ್ಕಲ್ಲ, ಹೊಟ್ಟೆಯ ರಸವನ್ನು ಪರೀಕ್ಷೆಗೆ ಹೊರತೆಗೆಯುವುದಕ್ಕೆ. ಪ್ಯಾಂಕ್ರಿಯಾಟೈಟಿಸ್‌ನಲ್ಲೂ ದಶಕಗಳ ಕಾಲ ಟ್ಯೂಬ್ ಹಾಕುತ್ತಿದ್ದದ್ದು ಹೊಟ್ಟೆಯಲ್ಲಿದ್ದದ್ದನ್ನು ಎಳೆದು ಖಾಲಿ ಮಾಡಲು. ಈಗ ಅದೇ ಟ್ಯೂಬಿನಲ್ಲಿ ಊಟ ಒಳಗೆ ಹೋಗುತ್ತಿದೆ.

ಉಪವಾಸ ಎರಡು ದಿನಕ್ಕೆ ಮುಗಿದರೆ ಸರಿ. ಮೂರು ವಾರವಾದರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಂತೆ ಕಂಡದ್ದು 1960ರ ದಶಕದಲ್ಲಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡುಡ್ರಿಕ್ ಮತ್ತು ಸಂಗಡಿಗರು ಬೀಗಲ್ ನಾಯಿಮರಿಗಳನ್ನು ಬರೀ ರಕ್ತನಾಳದ ಮೂಲಕ ಪೋಷಕಾಂಶ ಕೊಟ್ಟು ಬೆಳೆಸಿ ತೋರಿಸಿದರು. ಗ್ಲೂಕೋಸ್, ಅಮೈನೋ ಆಮ್ಲ, ಕೊಬ್ಬು, ವಿಟಮಿನ್ ಎಲ್ಲ ದೊಡ್ಡ ರಕ್ತನಾಳಕ್ಕೆ ನೇರವಾಗಿ. ಟಿಪಿಎನ್ ಅಂತ ಕರೆಯುವುದು ಇದನ್ನೇ. ಕರುಳು ಕತ್ತರಿಸಿಹೋದವರ ಪಾಲಿಗೆ ಅದು ನಿಜಕ್ಕೂ ಮರುಜನ್ಮ. ಪ್ಯಾಂಕ್ರಿಯಾಟೈಟಿಸ್ ವೈದ್ಯರಿಗಂತೂ ಹೇಳಿ ಮಾಡಿಸಿದ ಹಾಗಿತ್ತು: ಗ್ರಂಥಿಗೆ ವಿಶ್ರಾಂತಿಯೂ ಆಯಿತು, ದೇಹಕ್ಕೆ ಊಟವೂ ಆಯಿತು.

ಆದರೆ ಲೆಕ್ಕ ಕೂಡಲಿಲ್ಲ. ಅಷ್ಟೇನೂ ತೀವ್ರವಲ್ಲದ ಕಾಯಿಲೆಯಲ್ಲಿ ಶುರುವಿನಲ್ಲೇ ಟಿಪಿಎನ್ ಕೊಟ್ಟರೆ ಲಾಭವಿಲ್ಲ, ರಕ್ತನಾಳಕ್ಕೆ ಹಾಕಿದ ಕೊಳವೆಯಿಂದ ಸೋಂಕು ಮಾತ್ರ ಜಾಸ್ತಿ ಎಂದು 1987ರಲ್ಲೇ ಒಂದು ಪ್ರಯೋಗ ಹೇಳಿತ್ತು. 1997ರಲ್ಲಿ ಗ್ರೀಸಿನ ವೈದ್ಯರು ತೀವ್ರ ರೋಗಿಗಳಲ್ಲಿ ಕರುಳಿನ ಟ್ಯೂಬನ್ನೂ ಟಿಪಿಎನ್ನನ್ನೂ ಎದುರುಬದುರು ಇಟ್ಟು ನೋಡಿದರು. ಟ್ಯೂಬಿನವರಿಗೆ ಸೋಂಕು ಕಡಿಮೆ, ಖರ್ಚೂ ಕಡಿಮೆ. ಹಲವು ಪ್ರಯೋಗಗಳನ್ನು ಒಟ್ಟುಮಾಡಿ ತೂಗುವ ಕೊಕ್ರೇನ್ ಸಂಸ್ಥೆಯ 2010ರ ಪರಿಶೀಲನೆ ಇಂಥ 8 ಪ್ರಯೋಗಗಳ 348 ರೋಗಿಗಳನ್ನು ಒಟ್ಟಿಗೆ ಲೆಕ್ಕ ಹಾಕಿತು. ಕರುಳಿನ ಮೂಲಕ ಆಹಾರ ಪಡೆದವರಲ್ಲಿ ಸಾವಿನ ಅಪಾಯ ಟಿಪಿಎನ್‌ನವರ ಅರ್ಧದಷ್ಟಿತ್ತು.

ಡ್ರಿಪ್ ಊಟವಲ್ಲ

ಟಿಪಿಎನ್ ಬೇರೆ, ಮಂಚದ ಪಕ್ಕ ನೇತಾಡುವ ಮಾಮೂಲಿ ಬಾಟಲಿ ಬೇರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ‘ಗ್ಲೂಕೋಸ್ ಏರಿಸ್ತಿದಾರಲ್ಲ, ಶಕ್ತಿ ಬರುತ್ತೆ ಬಿಡಿ’ ಅನ್ನುವ ಮಾತು ಎಲ್ಲ ವಾರ್ಡಿನಲ್ಲೂ ಕೇಳುತ್ತದೆ.

ಲೆಕ್ಕ ಹಾಕಿ ನೋಡೋಣ. ಶೇ 5ರ ಗ್ಲೂಕೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿ ಸಕ್ಕರೆ 25 ಗ್ರಾಂ. ಅಂದರೆ ಹೆಚ್ಚೆಂದರೆ 100 ಕ್ಯಾಲೊರಿ. ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಜಾಸ್ತಿ ಕೊಡುವ ಆರ್‌ಎಲ್ ಬಾಟಲಿಯಲ್ಲಿ ಅದೂ ಇಲ್ಲ, ಅದು ಉಪ್ಪುನೀರು. ಇತ್ತ 60 ಕೆಜಿ ತೂಕದ ರೋಗಿಗೆ ಬೇಕಾದದ್ದು ಕೆಜಿಗೆ 25ರಿಂದ 30 ಕ್ಯಾಲೊರಿಯಂತೆ ದಿನಕ್ಕೆ 1500ರಿಂದ 1800. ಪ್ರೋಟೀನ್ ಕೆಜಿಗೆ 1.2ರಿಂದ 1.5 ಗ್ರಾಂ, ಅಂದರೆ 72ರಿಂದ 90 ಗ್ರಾಂ. ಬಾಟಲಿಯಲ್ಲಿ ಪ್ರೋಟೀನ್ ಸೊನ್ನೆ. ನಾಲ್ಕು ಬಾಟಲಿ ಗ್ಲೂಕೋಸ್ ಏರಿದರೂ ದೇಹ ಉಪವಾಸವೇ.

ತೀವ್ರ ಕಾಯಿಲೆಯಲ್ಲಿ ಈ ಉಪವಾಸ ಏಕಾದಶಿಯ ಉಪವಾಸದಂಥದ್ದಲ್ಲ. ಮೈಯೆಲ್ಲ ಉರಿಯೂತ ಇರುವುದರಿಂದ ದೇಹ ತನ್ನ ಸ್ನಾಯುವನ್ನೇ ಒಡೆದು ಉರಿಸುತ್ತದೆ. ಕೆಟ್ಟ ಸ್ಥಿತಿಯಲ್ಲಿ ದಿನಕ್ಕೆ 20 ಗ್ರಾಂಗಿಂತ ಹೆಚ್ಚು ಸಾರಜನಕ ನಷ್ಟವಾಗಬಹುದು. ಅದು ಸುಮಾರು 125 ಗ್ರಾಂ ಪ್ರೋಟೀನಿಗೆ ಸಮ. ಹತ್ತು ದಿನ ಕಳೆಯುವಷ್ಟರಲ್ಲಿ ತೊಡೆ ಸೊರಗುತ್ತದೆ, ಕೆಮ್ಮಿ ಕಫ ತೆಗೆಯುವ ಶಕ್ತಿ ಹೋಗುತ್ತದೆ, ವೆಂಟಿಲೇಟರ್ ಬಿಡಿಸುವುದು ಕಷ್ಟವಾಗುತ್ತದೆ.

ಬಾಟಲಿ ಜಾಸ್ತಿ ಏರಿದಷ್ಟೂ ಒಳ್ಳೆಯದು ಅನ್ನುವುದೂ ಸುಳ್ಳಾಗಿದೆ. 2022ರಲ್ಲಿ ಪ್ರಕಟವಾದ ವಾಟರ್‌ಫಾಲ್ ಪ್ರಯೋಗದಲ್ಲಿ 249 ರೋಗಿಗಳಿದ್ದರು. ಧಾರಾಳವಾಗಿ ದ್ರವ ಕೊಟ್ಟವರಲ್ಲಿ ಶೇ 20.5 ಮಂದಿಗೆ ಮೈಯಲ್ಲಿ ನೀರು ತುಂಬಿತು. ಹದವಾಗಿ ಕೊಟ್ಟವರಲ್ಲಿ ಅದು ಶೇ 6.3.

ಖಾಲಿ ಕರುಳಿನ ಅಪಾಯ

ಟಿಪಿಎನ್‌ನಲ್ಲಿ ಕ್ಯಾಲೊರಿ ಪೂರ್ತಿ ಸಿಗುತ್ತದೆ. ಆದರೂ ಅದು ಸೋತದ್ದು ಏಕೆ? ಕೊಳವೆಯ ಸೋಂಕು, ಏರುವ ಸಕ್ಕರೆ ಒಂದು ಕಾರಣ. ಇನ್ನೊಂದು ಕಾರಣ ಕರುಳೇ.

ನಮ್ಮ ಕರುಳಿನೊಳಗೆ ಕೋಟ್ಯಂತರ ಬ್ಯಾಕ್ಟೀರಿಯಾ ಇವೆ. ಅವನ್ನು ರಕ್ತದಿಂದ ಬೇರೆ ಇಟ್ಟಿರುವುದು ಒಂದೇ ಒಂದು ಸಾಲು ಜೀವಕೋಶ. ಆ ಜೀವಕೋಶಗಳು ತಮ್ಮ ಪೋಷಣೆಯ ದೊಡ್ಡ ಭಾಗವನ್ನು ಪಡೆಯುವುದು ರಕ್ತದಿಂದಲ್ಲ, ಕರುಳಿನಲ್ಲಿ ಹರಿದುಹೋಗುವ ಆಹಾರದಿಂದ. ಊಟ ನಿಂತರೆ ಪದರ ತೆಳುವಾಗುತ್ತದೆ, ಕರುಳಿನ ಚಲನೆ ಮಂದವಾಗುತ್ತದೆ, ಬ್ಯಾಕ್ಟೀರಿಯಾ ಗೋಡೆ ದಾಟುತ್ತವೆ. ಪಕ್ಕದಲ್ಲೇ ಕೊಳೆತ ಗ್ರಂಥಿ ಇದೆ, ಅಲ್ಲಿಗೆ ರಕ್ತ ಸಂಚಾರವಿಲ್ಲ. ಅಲ್ಲಿ ಸೇರಿಕೊಂಡ ಸೋಂಕಿಗೆ ಆಂಟಿಬಯಾಟಿಕ್ ಕೂಡ ಸುಲಭಕ್ಕೆ ತಲುಪುವುದಿಲ್ಲ. ತೀವ್ರ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಎರಡನೇ ವಾರದ ನಂತರ ಸಂಭವಿಸುವ ಸಾವುಗಳಿಗೆ ದೊಡ್ಡ ಕಾರಣ ಈ ಸೋಂಕು.

ಇತ್ತ ವಿಶ್ರಾಂತಿಯ ತರ್ಕವೂ ಸಡಿಲವಾಯಿತು. ಗಾಯಗೊಂಡ ಗ್ರಂಥಿ ಮೊದಲಿನಷ್ಟು ರಸ ಸುರಿಸುವ ಸ್ಥಿತಿಯಲ್ಲೇ ಇರುವುದಿಲ್ಲ. ನಾವು ಬಲವಂತವಾಗಿ ಕೊಡುವ ವಿಶ್ರಾಂತಿಯಿಂದ ಅದಕ್ಕೆ ಸಿಗುವುದು ಅಷ್ಟಕ್ಕಷ್ಟೆ, ಕರುಳು ಕಳೆದುಕೊಳ್ಳುವುದು ಬಹಳ. ಈ ಕಾಯಿಲೆಯಲ್ಲಿ ಟ್ಯೂಬಿನ ಆಹಾರವನ್ನು ಬರೀ ಶಕ್ತಿಯ ಲೆಕ್ಕದಲ್ಲಿ ನೋಡಬಾರದು. ಅದು ಸೋಂಕು ತಡೆಯುವ ಚಿಕಿತ್ಸೆ.

ಹಾಗಾದರೆ ಎಲ್ಲರಿಗೂ ಮೊದಲ ದಿನವೇ ಟ್ಯೂಬ್?

ಕರುಳಿಗೆ ಊಟ ಒಳ್ಳೆಯದು ಅಂದಮೇಲೆ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು, ಅಲ್ವಾ? ಒಂದು ಕಾಲಕ್ಕೆ ತಜ್ಞರೂ ಹಾಗೇ ಅಂದುಕೊಂಡಿದ್ದರು. ಇದನ್ನು ಪರೀಕ್ಷಿಸಿದ್ದು ನೆದರ್ಲೆಂಡ್ಸ್‌ನ 19 ಆಸ್ಪತ್ರೆಗಳು ಸೇರಿ ನಡೆಸಿದ ‘ಪೈಥಾನ್’ ಪ್ರಯೋಗ. 2014ರಲ್ಲಿ ಫಲಿತಾಂಶ ಬಂತು.

ಕಾಯಿಲೆ ತೀವ್ರವಾಗುವ ಲಕ್ಷಣವಿದ್ದ 208 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 24 ಗಂಟೆಯೊಳಗೆ ಟ್ಯೂಬ್ ಹಾಕಿ ಆಹಾರ ಶುರು. ಇನ್ನೊಂದು ಗುಂಪಿಗೆ 72 ಗಂಟೆಯ ಹೊತ್ತಿಗೆ ಬಾಯಿಂದಲೇ ಊಟ, ಅದು ಆಗದಿದ್ದವರಿಗೆ ಮಾತ್ರ ಆಮೇಲೆ ಟ್ಯೂಬ್. ದೊಡ್ಡ ಸೋಂಕು ಅಥವಾ ಸಾವು ಮೊದಲ ಗುಂಪಿನಲ್ಲಿ ಶೇ 30, ಎರಡನೆಯದರಲ್ಲಿ ಶೇ 27. ಅಂದರೆ ವ್ಯತ್ಯಾಸವೇ ಇಲ್ಲ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಬೇರೆಯಿದೆ. ಎರಡನೇ ಗುಂಪಿನ ಶೇ 69 ಮಂದಿಗೆ ಟ್ಯೂಬ್ ಬೇಕಾಗಲೇ ಇಲ್ಲ. ಬಾಯಿಂದಲೇ ಉಂಡರು.

ಇದರಿಂದ ದಾರಿ ಸ್ವಲ್ಪ ಸ್ಪಷ್ಟವಾಯಿತು. ಮೊದಲು ಬಾಯಿ. ಮೂರು ನಾಲ್ಕು ದಿನದಲ್ಲಿ ಅದು ಆಗದಿದ್ದರೆ ಅಥವಾ ರೋಗಿ ವೆಂಟಿಲೇಟರ್ ಮೇಲಿದ್ದರೆ ಟ್ಯೂಬ್. ಟ್ಯೂಬೂ ಆಗದಿದ್ದರೆ ಮಾತ್ರ ರಕ್ತನಾಳ. ಅಮೆರಿಕದ ಜಠರ-ಕರುಳು ತಜ್ಞರ ಸಂಘ ಎಜಿಎ 2018ರಲ್ಲಿ, ಯುರೋಪಿನ ಪೋಷಣಾ ತಜ್ಞರ ಸಂಘ ಎಸ್ಪೆನ್ 2020ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ ತೀವ್ರ ರೋಗಿಗಳಿಗೆ 72 ಗಂಟೆಯೊಳಗೆ ಕರುಳಿನ ಆಹಾರ ಶುರುಮಾಡಲು ಹೇಳುತ್ತದೆ. ಗಂಟೆಯ ಲೆಕ್ಕದಲ್ಲಿ ಸಣ್ಣಪುಟ್ಟ ಭಿನ್ನಾಭಿಪ್ರಾಯ ಇದೆ. ವಾರಗಟ್ಟಲೆ ಬಾಯಿ ಕಟ್ಟಿಸುವುದನ್ನು ಮಾತ್ರ ಇವರಲ್ಲಿ ಯಾರೂ ಒಪ್ಪುವುದಿಲ್ಲ.

ಇನ್ನೊಂದು ಹಳೆಯ ಷರತ್ತೂ ಬಿದ್ದುಹೋಗಿದೆ. ಲೈಪೇಸ್, ಅಮೈಲೇಸ್ ಮಾಮೂಲಿಗೆ ಬರುವವರೆಗೆ ಊಟ ಇಲ್ಲ ಎಂಬ ನಿಯಮವಿತ್ತು. ಕಾಯಿಲೆ ಪತ್ತೆಗೆ ಆ ಪರೀಕ್ಷೆ ಬೇಕು, ನಿಜ. ಆದರೆ ಅಂಕಿ ಎಷ್ಟು ಜಾಸ್ತಿ ಎಂಬುದು ಕಾಯಿಲೆ ಎಷ್ಟು ಜೋರು ಎಂಬುದನ್ನು ಹೇಳುವುದಿಲ್ಲ. ದಿನಾ ಬೆಳಿಗ್ಗೆ ರಕ್ತ ತೆಗೆದು ಆ ಅಂಕಿ ಇಳಿಯಿತೇ ಅಂತ ಕಾಯುವುದು ಸುಮ್ನೆ ಖರ್ಚು. ನೋವು ಇಳಿದಿದೆಯೇ, ವಾಂತಿ ನಿಂತಿದೆಯೇ, ಹಸಿವಾಗುತ್ತಿದೆಯೇ ಎಂದು ರೋಗಿಯನ್ನೇ ಕೇಳಬಹುದು.

ಹೊಟ್ಟೆಗೋ, ಕರುಳಿಗೋ

ಟ್ಯೂಬ್ ಹಾಕಬೇಕು ಅಂತಾದ ಮೇಲೆ ಮುಂದಿನ ವಾದ: ತುದಿ ಎಲ್ಲಿರಬೇಕು? ಹೊಟ್ಟೆಯಲ್ಲಿ ನಿಲ್ಲುವುದು ಎನ್‌ಜಿ, ರೈಲ್ಸ್ ಟ್ಯೂಬ್ ಇದೇ ಬಗೆಯದು. ಗ್ರಂಥಿಯ ನಾಳ ತೆರೆಯುವ ಜಾಗ ದಾಟಿ, ಸಣ್ಣ ಕರುಳಿನ ಎರಡನೇ ಭಾಗವಾದ ಜೆಜುನಮ್‌ಗೆ ಹೋಗುವುದು ಎನ್‌ಜೆ. ಗ್ರಂಥಿಯನ್ನು ಕೆಣಕದೆ ಊಟ ಕೊಡಬಹುದು ಎಂಬ ಕಾರಣಕ್ಕೆ ಮೊದಮೊದಲು ಎಲ್ಲರೂ ಎನ್‌ಜೆಯನ್ನೇ ಹಿಡಿದಿದ್ದರು.

ಎನ್‌ಜೆ ಹಾಕುವುದಕ್ಕೆ ಎಂಡೋಸ್ಕೋಪಿ ಅಥವಾ ಎಕ್ಸ್‌ರೇ ಪರದೆಯ ಸಹಾಯ ಬೇಕು. ಎಂಡೋಸ್ಕೋಪಿಗೆ ಸರದಿ ಕಾಯಬೇಕು. ತಾಲೂಕು ಮಟ್ಟದ ಆಸ್ಪತ್ರೆಯಲ್ಲಿ ಆ ಯಂತ್ರ ಇರುವುದೇ ಅನುಮಾನ. ರೈಲ್ಸ್ ಟ್ಯೂಬನ್ನಾದರೆ ವಾರ್ಡಿನಲ್ಲೇ ಕೆಲವೇ ನಿಮಿಷದಲ್ಲಿ ಇಳಿಸಬಹುದು. ಹಾಗಾಗಿ ಈ ಪ್ರಶ್ನೆ ನಮ್ಮ ದೇಶಕ್ಕೆ ಬಹಳ ಮುಖ್ಯ. ಉತ್ತರ ಹುಡುಕುವುದರಲ್ಲಿ ದೆಹಲಿಯ ಏಮ್ಸ್ ಪಾಲು ದೊಡ್ಡದು. 2005ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವೈದ್ಯರು, 2006ರಲ್ಲಿ ಏಮ್ಸ್‌ನವರು ಸಣ್ಣ ಪ್ರಯೋಗ ಮಾಡಿದರು. 2012ರಲ್ಲಿ ಏಮ್ಸ್ ತಂಡ 78 ತೀವ್ರ ರೋಗಿಗಳ ಫಲಿತಾಂಶ ಪ್ರಕಟಿಸಿತು. ಸೋಂಕಿನ ವಿಷಯದಲ್ಲಿ ಎನ್‌ಜಿ ಹಿಂದೆ ಬೀಳಲಿಲ್ಲ.

ಪೂರ್ತಿ ತೀರ್ಮಾನವಾಯಿತು ಅನ್ನುವ ಹಾಗಿಲ್ಲ. 2020ರ ಕೊಕ್ರೇನ್ ಪರಿಶೀಲನೆ 5 ಪ್ರಯೋಗಗಳ 220 ರೋಗಿಗಳನ್ನು ನೋಡಿ, ಒಂದು ಇನ್ನೊಂದಕ್ಕಿಂತ ಮೇಲು ಎನ್ನಲು ಪುರಾವೆ ಸಾಲದು ಎಂದಿತು. ಅಷ್ಟರಲ್ಲೂ ಕೆಲಸಕ್ಕೆ ಬರುವ ಮಾತಿದೆ. ಎನ್‌ಜೆ ಹಾಕಲು ಸೌಲಭ್ಯವಿಲ್ಲ ಎಂಬ ಕಾರಣಕ್ಕೆ ರೋಗಿಯನ್ನು ವಾರ ಉಪವಾಸ ಕೆಡವಬೇಕಿಲ್ಲ. ಎನ್‌ಜಿಯಿಂದ ಶುರುಮಾಡಬಹುದು. ವಾಂತಿ ನಿಲ್ಲದಿದ್ದರೆ, ಊದಿಕೊಂಡ ಗ್ರಂಥಿ ಹೊಟ್ಟೆಯ ಬಾಯಿಯನ್ನು ಒತ್ತಿ ಆಹಾರ ಮುಂದೆ ಹೋಗದಿದ್ದರೆ ಆಗ ಎನ್‌ಜೆ.

ಟ್ಯೂಬಿನೊಳಗೆ ಏನು ಹೋಗಬೇಕು

ಮಾರ್ಗಸೂಚಿ ಏನೇ ಹೇಳಲಿ, ರೋಗಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ಸಿಕ್ಕಿತು ಎಂಬುದು ನಿರ್ಧಾರವಾಗುವುದು ಮಂಚದ ಪಕ್ಕದಲ್ಲಿ. ನಮ್ಮಲ್ಲಿ ‘ಆರ್‌ಟಿ ಫೀಡ್’, ಅಂದರೆ ರೈಲ್ಸ್ ಟ್ಯೂಬಿನ ಊಟ, ಕೊಡುವುದು ಎಷ್ಟೋ ಕಡೆ ಮನೆಯವರೇ. ನರ್ಸ್ ಒಮ್ಮೆ ತೋರಿಸಿಕೊಡುತ್ತಾರೆ. ಆಮೇಲೆ ಎರಡು ಗಂಟೆಗೊಮ್ಮೆ ಸಿರಿಂಜ್ ಏರಿಸಿ ಹಿಡಿದು ರವೆ ಗಂಜಿ, ಬೇಳೆ ಕಟ್ಟು, ಹಾಲು, ರಾಗಿ ಅಂಬಲಿ ಇಳಿಸುವುದು ಮಗಳದ್ದೋ ತಮ್ಮನದ್ದೋ ಕೆಲಸ.

ಇಲ್ಲಿ ಒಂದು ತೊಡಕಿದೆ. ಗಂಜಿ ಗಟ್ಟಿಯಿದ್ದರೆ ಟ್ಯೂಬಿನಲ್ಲಿ ಇಳಿಯುವುದಿಲ್ಲ. ಇಳಿಯಲಿ ಅಂತ ನೀರು ಬೆರೆಸುತ್ತಾರೆ. ಬೆರೆಸಿದಷ್ಟೂ ಕ್ಯಾಲೊರಿ ಕಡಿಮೆ. ಎಂಎಲ್‌ಗೆ ಅರ್ಧ ಕ್ಯಾಲೊರಿಯ ತೆಳು ಗಂಜಿ ಎಂದಿಟ್ಟುಕೊಳ್ಳಿ. 200 ಎಂಎಲ್‌ನಂತೆ ಆರು ಸಲ ಕೊಟ್ಟರೆ ದಿನಕ್ಕೆ ಸಿಗುವುದು 600 ಕ್ಯಾಲೊರಿ. ಬೇಕಾದದ್ದು 1500. ಲೋಟದ ಲೆಕ್ಕದಲ್ಲಿ ಹೊಟ್ಟೆ ತುಂಬಿದೆ, ಪೋಷಣೆಯ ಲೆಕ್ಕದಲ್ಲಿ ಅರ್ಧವೂ ಆಗಿಲ್ಲ. ಪ್ಲಾಸ್ಕಿನಲ್ಲಿ ಬೆಳಿಗ್ಗೆ ತಂದಿಟ್ಟ ಗಂಜಿಯನ್ನೇ ಸಂಜೆಯವರೆಗೂ ಬಳಸಿದರೆ ಬ್ಯಾಕ್ಟೀರಿಯಾ ಬೆಳೆದಿರುತ್ತವೆ ಎಂಬುದು ಬೇರೆ ಮಾತು.

ಅಂಗಡಿಯಲ್ಲಿ ಸಿಗುವ ಫಾರ್ಮುಲಾ ಪುಡಿಯನ್ನು ಹೇಳಿದ ಅಳತೆಯಲ್ಲಿ ಕದಡಿದರೆ ಸಾಮಾನ್ಯವಾಗಿ ಎಂಎಲ್‌ಗೆ ಒಂದು ಕ್ಯಾಲೊರಿ ಸಿಗುತ್ತದೆ. ಗಂಟೆಗೆ 20 ಎಂಎಲ್‌ನಂತೆ ಶುರುಮಾಡಿ, ಹೊಟ್ಟೆ ಒಪ್ಪಿದ ಹಾಗೆ ಏರಿಸುತ್ತ, 65 ಎಂಎಲ್ ಮುಟ್ಟಿದರೆ ದಿನಕ್ಕೆ ಸುಮಾರು ಒಂದೂವರೆ ಲೀಟರ್. ಅಲ್ಲಿಗೆ ಲೆಕ್ಕ ಸರಿಹೋಯಿತು. ಪ್ರೋಟೀನನ್ನು ಮೊದಲೇ ಒಡೆದಿಟ್ಟ ದುಬಾರಿ ಪುಡಿಯೇ ಬೇಕು ಎಂದು ಒತ್ತಾಯಿಸುವವರೂ ಇದ್ದಾರೆ. ಮಾಮೂಲಿ ಫಾರ್ಮುಲಾಕ್ಕಿಂತ ಅದರಿಂದ ಜಾಸ್ತಿ ಲಾಭ ಎಂದು ಪ್ರಯೋಗಗಳಲ್ಲಿ ಸಾಬೀತಾಗಿಲ್ಲ. ಮೊದಲು ಅಗ್ಗದ್ದನ್ನು ಕೊಟ್ಟು ನೋಡಬಹುದು.

ಎನ್‌ಜೆ ಟ್ಯೂಬಿಗೆ ಮನೆಯ ಗಂಜಿ ಹೊಂದುವುದಿಲ್ಲ. ಅದು ಕಿರಿದು, ಬೇಗ ಕಟ್ಟಿಕೊಳ್ಳುತ್ತದೆ. ಒಮ್ಮೆಲೇ ಸಿರಿಂಜಿನಲ್ಲಿ ತಳ್ಳುವ ಹಾಗೂ ಇಲ್ಲ. ಹೊಟ್ಟೆ ಚೀಲದ ಹಾಗೆ ಹಿಗ್ಗುತ್ತದೆ, ಕರುಳು ಹಿಗ್ಗುವುದಿಲ್ಲ. ಒಟ್ಟಿಗೆ 200 ಎಂಎಲ್ ಹೋದರೆ ಹೊಟ್ಟೆನುಲಿ, ಭೇದಿ. ಹನಿಹನಿಯಾಗಿ, ಸಾಧ್ಯವಾದರೆ ಪಂಪಿನಲ್ಲಿ ಬಿಡಬೇಕು.

ಯಾವ ಟ್ಯೂಬೇ ಆದರೂ ಮೊದಲ ಸಲ ಆಹಾರ ಬಿಡುವ ಮುಂಚೆ ತುದಿ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಲೇಬೇಕು, ಎಕ್ಸ್‌ರೇ ಆದರೆ ಖಚಿತ. ಶ್ವಾಸಕೋಶಕ್ಕೆ ಹೋದ ಟ್ಯೂಬಿನಲ್ಲಿ ಗಂಜಿ ಬಿಟ್ಟರೆ ಪ್ರಾಣಕ್ಕೇ ಕುತ್ತು. ಮೂಗಿನ ಹತ್ತಿರ ಟ್ಯೂಬಿನ ಮೇಲೆ ಅಳತೆಯ ಗುರುತು ಇರುತ್ತದೆ. ಅಂಟುಪಟ್ಟಿ ಸಡಿಲವಾಗಿ ಆ ಗುರುತು ಹೊರಗೆ ಜಾರಿದ್ದರೆ ಫೀಡ್ ನಿಲ್ಲಿಸಿ ನರ್ಸನ್ನು ಕರೆಯಿರಿ. ತಲೆಯ ಕಡೆ ಮಂಚ 30ರಿಂದ 45 ಡಿಗ್ರಿ ಎತ್ತಿರಲಿ. ಫೀಡ್ ಮುಗಿದ ಮೇಲೆ ಸ್ವಲ್ಪ ನೀರು ಬಿಟ್ಟು ಟ್ಯೂಬ್ ತೊಳೆಯಿರಿ. ಕಟ್ಟಿಕೊಂಡಿದ್ದರೆ ಬೆಚ್ಚನೆಯ ನೀರು ಸಾಕು, ತಂತಿ ಹಾಕಿ ಚುಚ್ಚಬಾರದು. ಫೀಡ್ ಕೊಡುವಾಗ ಕೆಮ್ಮು, ಏದುಸಿರು ಬಂದರೆ ತಕ್ಷಣ ನಿಲ್ಲಿಸಬೇಕು.

ಕರುಳಿಗೂ ಬಿಡುವು ಬೇಕಾದ ಹೊತ್ತು

ಎಲ್ಲ ರೋಗಿಗೂ ಕರುಳಿನ ಊಟ ಎಂದು ಹಟ ಹಿಡಿಯುವುದೂ ತಪ್ಪು. ಬಿಪಿ ಬಿದ್ದು ಔಷಧದ ಬಲದಲ್ಲಿ ಅದನ್ನು ಎತ್ತಿಹಿಡಿಯುತ್ತಿರುವಾಗ ಕರುಳಿಗೆ ರಕ್ತವೇ ಸಾಲುವುದಿಲ್ಲ. ಆಗ ಆಹಾರ ತುಂಬಿದರೆ ಕರುಳು ಸಾಯಬಹುದು. ಕರುಳಿನಲ್ಲಿ ಅಡ್ಡಿಯಿದ್ದರೂ ಹಾಗೇ. ಹೊಟ್ಟೆಯೊಳಗಿನ ಒತ್ತಡ 20 ಎಂಎಂಎಚ್‌ಜಿ ದಾಟಿದರೆ ಕರುಳಿನ ಆಹಾರ ನಿಲ್ಲಿಸಿ ಎಂದು ಎಸ್ಪೆನ್ ಹೇಳುತ್ತದೆ. ಟಿಪಿಎನ್‌ಗೆ ಜಾಗ ಇಲ್ಲಿದೆ.

ಒಳ್ಳೆಯದೆಂದು ಕೊಟ್ಟದ್ದು ಕೆಟ್ಟದ್ದಾದ ಉದಾಹರಣೆಯೂ ಉಂಟು. ಕರುಳಿನ ಬ್ಯಾಕ್ಟೀರಿಯಾದಿಂದಲೇ ಸೋಂಕು ಬರುವುದಾದರೆ ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟರೆ ಹೇಗೆ? ನೆದರ್ಲೆಂಡ್ಸ್‌ನ ಡಚ್ ತಂಡವೇ ಪ್ರೊಬಯಾಟಿಕ್ ಅನ್ನು ಟ್ಯೂಬಿನಲ್ಲಿ ಕೊಟ್ಟು ನೋಡಿತು. 2008ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಪ್ರೊಬಯಾಟಿಕ್ ಪಡೆದವರಲ್ಲಿ ಸಾವು ಶೇ 16, ಪಡೆಯದವರಲ್ಲಿ ಶೇ 6. ಒಂಬತ್ತು ಮಂದಿಗೆ ಕರುಳಿನ ರಕ್ತ ಸಂಚಾರ ನಿಂತಿತ್ತು, ಇನ್ನೊಂದು ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಚೇತರಿಸಿಕೊಂಡವರು ಮೊಸರನ್ನ ತಿನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಐಸಿಯುನಲ್ಲಿರುವ ರೋಗಿಗೆ ಮನೆಯವರು ತಮ್ಮಷ್ಟಕ್ಕೆ ಸ್ಯಾಷೆ ತಂದುಕೊಡುವುದು ಮಾತ್ರ ಬೇಡ.

ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರ ವಿಷಯದಲ್ಲಿ ಇನ್ನೂ ಒಂದು ಎಚ್ಚರ. ಸೊರಗಿದ ದೇಹಕ್ಕೆ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿಯುತ್ತವೆ, ಹೃದಯದ ಲಯ ತಪ್ಪುತ್ತದೆ. ಇವರಿಗೆ ಮೊದಲೇ ಥಯಾಮಿನ್ (ವಿಟಮಿನ್ ಬಿ1) ಚುಚ್ಚುಮದ್ದು ಕೊಟ್ಟು, ರಕ್ತ ಪರೀಕ್ಷೆ ಮಾಡುತ್ತ, ನಿಧಾನವಾಗಿ ಏರಿಸಬೇಕು. ‘ಪಾಪ, ಎಷ್ಟು ದಿನದಿಂದ ತಿಂದಿಲ್ಲ’ ಅಂತ ಕದ್ದು ಎರಡು ಫೀಡ್ ಜಾಸ್ತಿ ಕೊಡುವ ಪ್ರೀತಿ ಇಲ್ಲಿ ಅಪಾಯ.

ಹಳೆಯ ಅಭ್ಯಾಸ ಏಕೆ ಬಿಡುತ್ತಿಲ್ಲ

ಇಷ್ಟೆಲ್ಲ ಪುರಾವೆ ಇದ್ದರೂ ಎನ್‌ಬಿಎಂ ಏಕೆ ಉಳಿದಿದೆ? ಒಂದು ಕಾರಣ, ಅದು ಸುಲಭ. ರಾತ್ರಿ ಹೊಟ್ಟೆನೋವು ಅಂತ ಬಂದವರಿಗೆ ಕಾರಣ ಗೊತ್ತಾಗುವವರೆಗೆ ಬಾಯಿ ಕಟ್ಟುವುದು ಸರಿಯೇ. ಆಪರೇಷನ್ ಬೇಕಾಗಬಹುದು. ತೊಂದರೆ ಏನೆಂದರೆ, ಮರುದಿನ ಕಾಯಿಲೆ ಇದೇ ಎಂದು ಖಚಿತವಾದ ಮೇಲೂ ಆ ಆದೇಶವನ್ನು ಯಾರೂ ಅಳಿಸುವುದಿಲ್ಲ. ಸ್ಕ್ಯಾನಿಗೆ ಇರಲಿ, ಎಂಡೋಸ್ಕೋಪಿಗೆ ಇರಲಿ ಅಂತ ಒಂದೊಂದು ದಿನ ಮುಂದೆ ಹೋಗುತ್ತದೆ.

ಎರಡನೆಯದು ಹೆದರಿಕೆ. ಊಟ ಕೊಟ್ಟ ಮೇಲೆ ನೋವು ಮರಳಿದರೆ ಬೈಗುಳ ಊಟ ಕೊಟ್ಟವರಿಗೆ. ಉಪವಾಸದಿಂದ ಸ್ನಾಯು ಕರಗಿ ಮೂರನೇ ವಾರ ಸೋಂಕಾದರೆ ಅದನ್ನು ಯಾರೂ ಎನ್‌ಬಿಎಂ ಲೆಕ್ಕಕ್ಕೆ ಬರೆಯುವುದಿಲ್ಲ. ಕೆಲವರಿಗೆ ಊಟ ಶುರುವಾದಾಗ ನೋವು ಬರುವುದು ನಿಜ. ಆಗ ಒಂದೆರಡು ಹೊತ್ತು ತಡೆದು ಮತ್ತೆ ಶುರುಮಾಡುವುದು ಸಾಮಾನ್ಯ ಕ್ರಮ. ಅದರಿಂದ ಕಾಯಿಲೆ ಮೊದಲಿಗೆ ಹೋಯಿತು ಅಂತ ಅರ್ಥವಲ್ಲ.

ಮೂರನೆಯದು ನಾವು. ಮೂಗಿಗೆ ಟ್ಯೂಬ್ ಹಾಕಿದರು ಅಂದರೆ ಮುಗಿಯಿತು ಎಂದು ನಂಟರು ಅಳಲು ಶುರುಮಾಡುತ್ತಾರೆ. ಪಾರ್ಶ್ವವಾಯು, ಕ್ಯಾನ್ಸರಿನ ಕೊನೆಯ ದಿನಗಳಲ್ಲಿ ಟ್ಯೂಬ್ ನೋಡಿದ ನೆನಪು ಅದು. ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಅದು ಗುಣವಾಗುವವರಿಗೆ ಹಾಕುವ ತಾತ್ಕಾಲಿಕ ದಾರಿ. ಬಾಯಿಂದ ಸಾಕಷ್ಟು ತಿನ್ನಲು ಶುರುವಾದ ದಿನ ತೆಗೆಯುತ್ತಾರೆ.

ಪದ್ಧತಿ ಬದಲಾದರೆ ಫಲ ಕಣ್ಣಿಗೆ ಕಾಣುತ್ತದೆ. 2007ರಲ್ಲಿ ಸ್ವೀಡನ್ನಿನ ಒಂದು ಪ್ರಯೋಗದಲ್ಲಿ 60 ಸೌಮ್ಯ ರೋಗಿಗಳಲ್ಲಿ ಅರ್ಧ ಮಂದಿಗೆ ತಕ್ಷಣ ಊಟ ಕೊಟ್ಟರು. ಅವರು 4 ದಿನಕ್ಕೆ ಮನೆಗೆ ಹೋದರು, ಉಪವಾಸ ಇಟ್ಟವರು 6 ದಿನಕ್ಕೆ. ಕೂಲಿ ಬಿಟ್ಟು ಬಂದ ಕುಟುಂಬಕ್ಕೆ ಎರಡು ದಿನ ಸಣ್ಣ ವಿಷಯವಲ್ಲ. ಮತ್ತೊಂದು ಕಡೆ, ಟ್ಯೂಬ್ ಫೀಡ್ ಸರಿಯಾಗಿ ನಡೆಯಬೇಕಾದರೆ ಡಯಟೀಷಿಯನ್, ಪಂಪು, ರಾತ್ರಿ ಪಾಳಿಗೆ ಸಾಕಷ್ಟು ನರ್ಸುಗಳು ಬೇಕು. ಡಾಕ್ಟರು ಬರೆದ 1500 ಕ್ಯಾಲೊರಿಯನ್ನು ಅಳೆದು ಕೊಡುವವರಿಲ್ಲದಿದ್ದರೆ ಮಾರ್ಗಸೂಚಿ ಗೋಡೆಯ ಮೇಲೇ ಉಳಿಯುತ್ತದೆ.

ಮನೆಗೆ ಹೋದ ಮೇಲೆ

ಸೌಮ್ಯ ಕಾಯಿಲೆಯವರು ಕೆಲವು ವಾರ ಎಣ್ಣೆ, ತುಪ್ಪ, ಕರಿದದ್ದು ಕಡಿಮೆ ಮಾಡಿ, ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ತಿಂದರೆ ಸಾಕು. ಜನ್ಮವಿಡೀ ಬರೀ ಗಂಜಿ ಕುಡಿಯಬೇಕಿಲ್ಲ. ಕುಡಿತ ಮತ್ತು ಬೀಡಿ ಸಿಗರೇಟು ಮಾತ್ರ ಪೂರ್ತಿ ಬಿಡಬೇಕು. ಇಲ್ಲಿ ‘ಹಬ್ಬಕ್ಕೊಂದು ದಿನ’ ಎಂಬ ರಿಯಾಯಿತಿ ಇಲ್ಲ.

ಕಾಯಿಲೆ ಮರುಕಳಿಸಿ ಗ್ರಂಥಿ ಗಟ್ಟಿಯಾದವರ ಕಥೆ ಬೇರೆ. ದಕ್ಷಿಣ ಭಾರತದಲ್ಲಿ, ಮುಖ್ಯವಾಗಿ ಕೇರಳದಲ್ಲಿ, ಕುಡಿತದ ಅಭ್ಯಾಸವಿಲ್ಲದ ಎಳೆಯರಲ್ಲೂ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್ ಕಾಣಿಸಿಕೊಂಡದ್ದುಂಟು. ಇವರಿಗೆ ರಸವೇ ಸಾಲುವುದಿಲ್ಲ. ತಿಂದ ಕೊಬ್ಬು ಜಿಡ್ಡುಜಿಡ್ಡಾದ ಮಲವಾಗಿ ಹೋಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಕಾಯಿಲೆಯೂ ಬರಬಹುದು. ಇವರು ಕೊಬ್ಬು ಬಿಟ್ಟರೆ ಇನ್ನೂ ಸೊರಗುತ್ತಾರೆ. ಬೇಕಾದದ್ದು ಎಂಜೈಮ್ ಕ್ಯಾಪ್ಸೂಲ್, ದೊಡ್ಡ ಊಟಕ್ಕೆ 40ರಿಂದ 50 ಸಾವಿರ ಯೂನಿಟ್ ಲೈಪೇಸ್. ಅದನ್ನು ಊಟದ ಜೊತೆಯಲ್ಲೇ ನುಂಗಬೇಕು. ಬೇರೆ ಮಾತ್ರೆಗಳ ಹಾಗೆ ಉಂಡು ಅರ್ಧ ಗಂಟೆ ಬಿಟ್ಟು ತೆಗೆದುಕೊಂಡರೆ ಆಹಾರ ಅಷ್ಟರಲ್ಲಿ ಮುಂದೆ ಹೋಗಿರುತ್ತದೆ, ದುಡ್ಡು ದಂಡ.

ಕಲ್ಲಿನಿಂದ ಬಂದ ಕಾಯಿಲೆಯಾದರೆ ಯಾವ ಪಥ್ಯವೂ ಕಲ್ಲನ್ನು ತೆಗೆಯುವುದಿಲ್ಲ. ಸೌಮ್ಯ ರೋಗಿಗಳಲ್ಲಿ ಪಿತ್ತಕೋಶವನ್ನು ಅದೇ ದಾಖಲಾತಿಯಲ್ಲಿ ತೆಗೆಯುವುದೋ ತಿಂಗಳು ಬಿಟ್ಟೋ ಎಂದು ಡಚ್ ವೈದ್ಯರು ನೋಡಿದ್ದಾರೆ. 2015ರ ಆ ಪ್ರಯೋಗದಲ್ಲಿ, ತಿಂಗಳು ಕಾದವರಲ್ಲಿ ಶೇ 17 ಮಂದಿ ಕಲ್ಲಿನ ತೊಂದರೆಯಿಂದ ಮತ್ತೆ ಆಸ್ಪತ್ರೆ ಸೇರಿದರು ಅಥವಾ ಸತ್ತರು, ಕಾಯದವರಲ್ಲಿ ಶೇ 5. ಗ್ರಂಥಿ ಕೊಳೆತವರಿಗೆ ಇದು ಅನ್ವಯಿಸುವುದಿಲ್ಲ, ಅವರು ಬಾವು ಇಳಿಯುವವರೆಗೆ ಕಾಯಬೇಕು. ಉಳಿದವರು ಡಿಸ್ಚಾರ್ಜ್ ಆಗುವ ಮುಂಚೆ, ಊಟದ ಪಟ್ಟಿ ಕೇಳುವಾಗಲೇ ಆಪರೇಷನ್ ಯಾವಾಗ ಎಂದೂ ಕೇಳಿಕೊಳ್ಳಬಹುದು.